ಬೈರಕೂರಿನ ಐದು ಗುಂಟೆ, ಫೋನಿನೊಳಗಿನ ಒಂಬತ್ತು ಪ್ಲಾಟು

ಮಾವಿನ ಹೂವಿನ ವಾಸನೆ ಬಂದರೆ ಜನ ಮೂಗರಳಿಸಿ ಉಸಿರೆಳೆದುಕೊಳ್ಳುತ್ತಾರೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಮೊನ್ನೆ ಬೈರಕೂರಿನ ಹತ್ತಿರದ ಬಡಾವಣೆಯೊಂದರಲ್ಲಿ ಕಾರಿಳಿದ ತಕ್ಷಣ ಅದನ್ನೇ ಮಾಡಿದೆ. ಬೇಲಿಯಾಚೆ ಉಳಿದಿರುವ ತೋಪಿನಲ್ಲಿ ಹೂವು ಬಿಟ್ಟಿತ್ತು, ಗಾಳಿ ಈ ಕಡೆಗೇ ಬೀಸುತ್ತಿತ್ತು.

ನಾನು ಮುಳಬಾಗಿಲಿನಲ್ಲಿ ನೋಂದಣಿ ಕಚೇರಿಯ ಎದುರು ಪತ್ರ ಬರೆಯುವವಳು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಮೊದಲು ಕೈಯಲ್ಲಿ ಬರೆಯುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ ಹೊಡೆಯುತ್ತೇನೆ. ಪತ್ರದಲ್ಲಿ ಹೆಸರು ತಪ್ಪಿದರೆ ತಿದ್ದಬಹುದು, ಚೆಕ್ಕುಬಂದಿ ತಪ್ಪಿದರೆ ಮೂರು ತಲೆಮಾರು ಕೋರ್ಟು ಅಲೆಯುತ್ತದೆ ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಚೆಕ್ಕುಬಂದಿ ಎಂದರೆ ಜಮೀನಿನ ನಾಲ್ಕೂ ದಿಕ್ಕಿಗೆ ಯಾರಿದ್ದಾರೆ, ಏನಿದೆ ಎನ್ನುವ ವಿವರ. ಸೈಟು ಕೊಳ್ಳಲು ಬಂದಿದ್ದ ಶ್ರೀನಿವಾಸಪುರದ ಮೇಷ್ಟ್ರಿಗೆ ಅದರ ಬಗ್ಗೆ ಬಹಳ ಭಯ. ಹೆಂಡತಿಯ ಜೊತೆ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು, ಕಣ್ಣಾರೆ ನೋಡಿಯೇ ಬರೆಯಿರಿ ಎಂದು ಕರೆತಂದಿದ್ದರು. ಪೂರ್ವಕ್ಕೆ ಹದಿನೆಂಟನೇ ಸೈಟು, ಪಶ್ಚಿಮಕ್ಕೆ ಹದಿನಾರನೆಯದು, ಉತ್ತರಕ್ಕೆ ಚರಂಡಿ. ದಕ್ಷಿಣಕ್ಕೆ ಮೂವತ್ತಡಿ ರಸ್ತೆ ಎಂದು ಗುರುತು ಹಾಕಿಕೊಳ್ಳುವಾಗ ನಾನು ಆ ರಸ್ತೆಯ ಮೇಲೆಯೇ ನಿಂತಿದ್ದೆ. ಸುಸ್ತಾಯಿತಾ ಎಂದು ಮೇಷ್ಟ್ರ ಹೆಂಡತಿ ಕೇಳಿದರು. ಬಿಸಿಲು ಎಂದೆ. ಆ ಟಾರಿನ ಕೆಳಗೆ ನಮ್ಮಪ್ಪ ಮಲಗಿದ್ದಾನೆ ಎಂದು ಹೇಳಿದ್ದರೆ ಅವರು ಸೈಟೇ ಬೇಡ ಎನ್ನುತ್ತಿದ್ದರು.

ಇದೆಲ್ಲ ನಡೆದದ್ದು ಕೊರೊನಾ ಕಳೆದ ಮರುವರ್ಷ. ಮಾವು ಹೂವು ಬಿಟ್ಟಾಗ ಶುರುವಾದದ್ದು, ಕಾಯಿ ಮುಗಿಯುವ ಹೊತ್ತಿಗೆ ನಮ್ಮ ಮನೆಯನ್ನು ಎರಡು ಮಾಡಿ ಹೋಯಿತು.

ಆ ಜಾಗ ಹಿಂದೆ ನಮ್ಮದೇ ಒಂದೂವರೆ ಎಕರೆ. ಅಪ್ಪ ಕಾಯಿಲೆ ಬಿದ್ದಾಗ ಆಸ್ಪತ್ರೆಗೆಂದು ಅದೇ ಊರಿನ ಚೌಡಪ್ಪನವರಿಗೆ ಮಾರಿದ. ಮಾರಿ ಎರಡು ತಿಂಗಳಿಗೆ ತೀರಿಕೊಂಡ. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು. ಹೊಲ ಎಲ್ಲಿತ್ತು ಇಡಲಿಕ್ಕೆ? ನೆಂಟರೆಲ್ಲ ಮುಖ ಮುಖ ನೋಡಿಕೊಳ್ಳುವಾಗ ಚೌಡಪ್ಪನವರೇ ಮುಂದೆ ಬಂದು, ಅವನು ಉತ್ತ ಹೊಲ, ಅಲ್ಲೇ ಮಲಗಲಿ ಎಂದು ಹೊಂಗೆಮರದ ಮೂಲೆ ತೋರಿಸಿದರು. ಆ ಪುಣ್ಯಾತ್ಮರನ್ನು ಈ ಕಥೆಯಲ್ಲಿ ಯಾರೂ ಬೈಯಬಾರದು.

ಆಮೇಲೆ ಪ್ರತಿವರ್ಷ ಮಹಾಲಯ ಅಮಾವಾಸ್ಯೆಗೆ ನಾವು ಅಲ್ಲಿಗೆ ಹೋಗಿ ಎಡೆ ಇಟ್ಟು ಬರುತ್ತಿದ್ದೆವು. ಕರ್ಪೂರ ಆರಿದ ಮೇಲೆ ಅಮ್ಮ ಅಪ್ಪನ ಸಮಾಧಿಯ ಎಡಪಕ್ಕದ ನೆಲವನ್ನು ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದಳು. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಜಾಗ ಹಿಡಿದ ಹಾಗೆ. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅವಳ ಒಂದೇ ಒಂದು ಆಸೆ ಅದು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಚೌಡಪ್ಪನವರು ನನ್ನ ಅಂಗಡಿಗೆ ಬಂದರು. ಕೋಲಾರದಲ್ಲಿರುವ ಮಕ್ಕಳು ಹೊಲ, ತೋಪು ಎಲ್ಲವನ್ನೂ ಮಾರಿಬಿಡಿ ಎಂದು ಹಿಂದೆ ಬಿದ್ದಿದ್ದರಂತೆ. ಬಡಾವಣೆ ಮಾಡುವವರು ಆಗಲೇ ಎರಡು ಸಲ ಬಂದು ನೋಡಿ ಹೋಗಿದ್ದರು.

"ನಿಮ್ಮಪ್ಪನ ಜಾಗ ಸೇರಿಸಿ ಐದು ಗುಂಟೆ ನಿಮಗೆ ಬಿಟ್ಟುಕೊಡ್ತೀನಿ ಕಣಮ್ಮ. ಆದ್ರೆ ಮಾವು ಮುಗಿಯೋವರೆಗೇ. ಅದಾದ್ಮೇಲೆ ಹುಡುಗ್ರನ್ನ ತಡೆಯೋಕೆ ನನ್ನ ಕೈಲಿ ಆಗಲ್ಲ" ಎಂದರು. ಹೇಳಿದ ಬೆಲೆಯೂ ನ್ಯಾಯವಾಗಿತ್ತು.

ನಾನು ಕಾಸಿನ ಸರ ಮಾರಿದೆ, ಚೀಟಿ ಎತ್ತಿದೆ. ಮಿಕ್ಕದ್ದು ಅಣ್ಣ ಮುನಿರಾಜುವಿನದು. ದುಡ್ಡೆಲ್ಲ ಅವನ ಕೈಯಲ್ಲೇ ಇಟ್ಟೆವು. ಮನೆಗೆ ಹಿರಿಯ, ಮೇಲಾಗಿ ಜಮೀನಿನ ವಿಷಯದಲ್ಲಿ ಅವನಿಗೆ ತಿಳಿಯದ್ದಿಲ್ಲ. ಮಾಲೂರಿನಲ್ಲಿ ಖಾಸಗಿ ಸರ್ವೆಯರ್ ಆಗಿದ್ದ. ಹೆಂಚಿನ ಫ್ಯಾಕ್ಟರಿಗಳ ಸುತ್ತ ಕುರಿ ಮೇಯುತ್ತಿದ್ದ ಬೀಡು ಬಡಾವಣೆಯಾಗಿ ಬೆಲೆ ಹತ್ತು ಪಟ್ಟು, ಐವತ್ತು ಪಟ್ಟು ಏರಿದ್ದನ್ನು ತಾನೇ ಅಳೆದು ಕಲ್ಲು ನೆಟ್ಟು ನೋಡಿದವನು. ಊರವರ ಭೂಮಿಯನ್ನೆಲ್ಲ ಅಳೆದರೂ ಅವನ ಹೆಸರಿಗೆ ಒಂದು ಗುಂಟೆ ಇರಲಿಲ್ಲ. ಬಾಡಿಗೆ ಮನೆ. ಅದನ್ನು ನೆನೆಸಿಕೊಂಡಾಗಲೆಲ್ಲ ಅವನ ಮುಖ ಸಣ್ಣದಾಗುತ್ತಿತ್ತು.

ಒಂದು ಭಾನುವಾರ ಅವನು ತನ್ನ ಅಳತೆ ಮೆಷಿನ್ ತಂದು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಆ ಐದು ಗುಂಟೆ ಅಳೆದ. ತೋಪಿನಲ್ಲಿ ಎಲೆ ಕಾಣದಷ್ಟು ಹೂವು. ಅಮ್ಮ ಹೊಂಗೆಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂತಿದ್ದಳು. ಒಂದು ಸಲ ಅಳೆದದ್ದು ಸಾಲದೆ ಇನ್ನೊಂದು ಸಲ ಅಳೆದು, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೂತು ಸುಣ್ಣ ಬಳಿದ. ಸಾಕು ಬಾರೋ, ಸತ್ತಮೇಲೆ ನಾನೇನು ಎದ್ದು ಓಡಾಡ್ತೀನಾ ಎಂದು ಅಮ್ಮ ನಕ್ಕಳು. ನಾವೂ ನಕ್ಕೆವು. ಮೂವರೂ ಒಟ್ಟಿಗೆ ನಕ್ಕ ಕೊನೆಯ ದಿನ ಅದು.

ನಕ್ಷೆ, ದಾಖಲೆ ಆಗಲು ಹೇಗೂ ಎರಡು ಮೂರು ತಿಂಗಳು ಬೇಕಿತ್ತು. ದುಡ್ಡು ಅಲ್ಲಿಯವರೆಗೆ ಸುಮ್ಮನಿರಬೇಕಿತ್ತು. ಸುಮ್ಮನಿರಲಿಲ್ಲ. ಮಾಲೂರಿನಲ್ಲಿ ಅಣ್ಣನಿಗೆ ಒಬ್ಬ ಸ್ನೇಹಿತನಿದ್ದ, ಸೈಟು ಕೊಡಿಸುವ ದಲ್ಲಾಳಿ. ಕೊರೊನಾದಲ್ಲಿ ವ್ಯಾಪಾರ ನಿಂತಾಗ ಅವನು ಫೋನಿನೊಳಗಿನ ಒಂದು ಊರಿನಲ್ಲಿ ಜಾಗ ಕೊಂಡು ಮಾರಿ ಒಳ್ಳೆ ಲಾಭ ಮಾಡಿಕೊಂಡಿದ್ದ. ಆ ಊರು ಎಲ್ಲೂ ಇಲ್ಲ. ಆದರೆ ಅಲ್ಲಿ ರಸ್ತೆ ಇದೆ, ಸಮುದ್ರ ಇದೆ, ಅಂಗಡಿ ಇದೆ, ಪ್ರಪಂಚದ ಜನರೆಲ್ಲ ಬೊಂಬೆಯ ವೇಷದಲ್ಲಿ ಬಂದು ಓಡಾಡುತ್ತಾರೆ. ಜಾಗಗಳನ್ನು ಚೌಕ ಚೌಕವಾಗಿ ಕತ್ತರಿಸಿ ಮಾರುತ್ತಾರೆ. ಇನ್ನೊಂದು ಚೌಕ ಹೊಸದಾಗಿ ಹುಟ್ಟುವುದಿಲ್ಲವಂತೆ, ಆದ್ದರಿಂದ ಬೆಲೆ ಏರಲೇಬೇಕಂತೆ. ಇದು ದಲ್ಲಾಳಿಯ ಮಾತು. ಅಣ್ಣನನ್ನು ಕೆಡಿಸಿದ್ದು ಆ ಮಾತಲ್ಲ, ಅಲ್ಲಿಯ ಅಳತೆ. ಪ್ರತಿ ಚೌಕದ ನಾಲ್ಕು ಮೂಲೆಗೂ ಲೆಕ್ಕ ಇತ್ತು, ಒಂದು ಕೂದಲೆಳೆಯ ವ್ಯತ್ಯಾಸ ಇಲ್ಲ. ಒತ್ತುವರಿ ಇಲ್ಲ, ಬದುವಿನ ಜಗಳ ಇಲ್ಲ, ಕಲ್ಲು ಕಿತ್ತು ಆಚೆ ನೆಡುವ ದಾಯಾದಿ ಇಲ್ಲ. ಇಪ್ಪತ್ತು ವರ್ಷ ಜನರ ಬೈಗುಳದ ನಡುವೆ ಹಗ್ಗ ಹಿಡಿದವನಿಗೆ ಅದು ಸ್ವರ್ಗವಾಗಿ ಕಂಡಿತು.

ಐದು ಗುಂಟೆಯ ದುಡ್ಡಿನಲ್ಲಿ ಅಲ್ಲಿ ಒಂದು ಪ್ಲಾಟು ಬಂತು. ದಲ್ಲಾಳಿಯ ಆಫೀಸಿನಲ್ಲಿ ಅಣ್ಣ ಫೋನನ್ನು ಪೂರ್ವಕ್ಕೆ ಮುಖ ಮಾಡಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದನಂತೆ. ದಾರಿ ಯಾವ ಕಡೆ ಎಂದು ಮೊದಲು ಕೇಳಿದ್ದಕ್ಕೆ, ಅಲ್ಲಿ ದಾರಿ ಬೇಕಾಗಿಲ್ಲ, ಹಾರಿಕೊಂಡೇ ಹೋಗಬಹುದು ಎಂದು ದಲ್ಲಾಳಿ ಹೇಳಿದನಂತೆ. ಇದನ್ನೆಲ್ಲ ಕೊಂಡಾದ ಮೇಲೆ ನನಗೆ ಹೇಳಿದ. ನಿನಗೇನು ತಲೆ ನೆಟ್ಟಗಿದೆಯಾ, ಅಮ್ಮನ ಮಣ್ಣಿನ ದುಡ್ಡು ಅದು ಎಂದು ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ಫೋನು ತೋರಿಸಿದ. ಹಸಿರು ಹುಲ್ಲಿನ ಒಂದು ಚೌಕ, ಸುತ್ತಮುತ್ತ ಬೊಂಬೆಗಳ ಜಾತ್ರೆ, ಒಂದಕ್ಕೆ ನರಿಯ ತಲೆ. ಮೂಲೆಯಲ್ಲಿ ಬೆಲೆ ಕಾಣುತ್ತಿತ್ತು. ಕೊಂಡು ಒಂದು ತಿಂಗಳೂ ಆಗಿರಲಿಲ್ಲ, ಒಂದೂವರೆ ಪಟ್ಟಾಗಿತ್ತು.

ಮಾರಿಬಿಡು, ಈಗಲೇ ಮಾರಿಬಿಡು ಎಂದೆ.

"ಇನ್ನೊಂಚೂರು ಏರಿದ್ರೆ ಐದು ಗುಂಟೆ ಯಾಕೆ, ಒಂದೂವರೆ ಎಕರೇನೂ ವಾಪಸ್ ತಗೋಬೋದು ಕಣೇ ಮಂಜೂ. ಅಪ್ಪ ಮಾರಿದ್ದು ಪೂರ್ತಿ" ಎಂದ.

ಸುಳ್ಳು ಯಾಕೆ ಹೇಳಲಿ, ನನಗೂ ಆಸೆಯಾಯಿತು. ಹೊಂಗೆಮರ, ಬಾವಿಯ ದಿಬ್ಬ, ಅಪ್ಪ ಎಮ್ಮೆ ಕಟ್ಟುತ್ತಿದ್ದ ಜಾಗ, ಎಲ್ಲ ಕಣ್ಣಮುಂದೆ ಬಂತು. ಯುಗಾದಿವರೆಗೆ ನೋಡು ಎಂದೆ. ಮಾರು ಎಂದು ಹಟ ಹಿಡಿದಿದ್ದರೆ ಅಣ್ಣ ಮಾರುತ್ತಿದ್ದ. ನನ್ನ ಮಾತು ಅವನು ತೆಗೆದುಹಾಕುತ್ತಿರಲಿಲ್ಲ. ಅದಕ್ಕೇ ಆ ವರ್ಷದ ಪಾಪವನ್ನೆಲ್ಲ ಅವನ ತಲೆಗೆ ಕಟ್ಟಲು ನನ್ನ ಮನಸ್ಸು ಈಗ ಒಪ್ಪುವುದಿಲ್ಲ. ಆಗ ಒಪ್ಪಿತ್ತು.

ಯುಗಾದಿ ಬಂತು, ಹೋಯಿತು. ಆ ಬೇಸಿಗೆ ಗಾಳಿಮಳೆ ಕೆಟ್ಟದಾಗಿ ಬಿತ್ತು. ಬೈರಕೂರಿನಿಂದ ಶ್ರೀನಿವಾಸಪುರದವರೆಗೆ ತೋಪುಗಳಲ್ಲಿ ಎಳೆಗಾಯಿ ಉದುರಿ ನೆಲ ಕಾಣುತ್ತಿರಲಿಲ್ಲ. ಫೋನಿನ ಊರಿನಲ್ಲೂ ಬೆಲೆ ಉದುರಲು ಶುರುವಾಯಿತು. ಮೊದಲು ಕಾಲುಭಾಗ, ಆಮೇಲೆ ಅರ್ಧ. ಕೇಳಿದಾಗಲೆಲ್ಲ ಅಣ್ಣನದು ಒಂದೇ ಉತ್ತರ, ಭೂಮಿ ಬಿಟ್ಟು ಬೇರೆ ಏನು ಬೇಕಾದರೂ ಇಳಿಯುತ್ತದೆ, ಭೂಮಿ ಇಳಿದದ್ದನ್ನು ಮಾಲೂರಿನಲ್ಲಿ ನಾನು ಒಂದು ಸಲವೂ ನೋಡಿಲ್ಲ. ನಿಜವೇ. ಮಾಲೂರಿನಲ್ಲಿ ಇಳಿದಿಲ್ಲ.

ಅವನ ಪ್ಲಾಟಿನ ಪೂರ್ವಕ್ಕೆ ಯಾರೋ ಹೊರದೇಶದವನು ಚಪ್ಪಲಿ ಅಂಗಡಿ ಕಟ್ಟಿದ್ದ. ಅಲ್ಲಿ ಬೊಂಬೆಗಳಿಗೆ ಚಪ್ಪಲಿ ಮಾರುತ್ತಿದ್ದರು, ಎಂಥ ಕರ್ಮವೋ. ಅವನು ಅಂಗಡಿ ಮುಚ್ಚಿ ಜಾಗವನ್ನು ಸಿಕ್ಕಿದಷ್ಟಕ್ಕೆ ಮಾರಾಟಕ್ಕಿಟ್ಟ. ಬುದ್ಧಿ ಇರುವವನು ಅದನ್ನು ನೋಡಿ ತಾನೂ ಮಾರಿ ಓಡುತ್ತಿದ್ದ. ನಮ್ಮ ಕಡೆಯವರ ಬುದ್ಧಿ ಬೇರೆ. ಪಕ್ಕದ ಹೊಲ ಮಾರಾಟಕ್ಕೆ ಬಂದರೆ ತಾಳಿ ಅಡವಿಟ್ಟಾದರೂ ಕೊಳ್ಳಬೇಕು, ಬೇರೆಯವನು ಬಂದು ಬದುವಿಗೆ ಕೂತರೆ ಜನ್ಮವಿಡೀ ತೊಂದರೆ. ಇದು ನಮಗೆ ಹಾಲಿನ ಜೊತೆ ಕುಡಿಸಿದ ಮಾತು. ಅಣ್ಣ ಅದನ್ನೇ ಹಿಡಿದ. ಹಿಡಿದದ್ದಲ್ಲದೆ ಅಮ್ಮನನ್ನೂ ಕೇಳಿದ. ಪಕ್ಕದ ಜಮೀನು ಅಗ್ಗಕ್ಕೆ ಬಂದಿದೆ, ಏನು ಮಾಡಲಿ ಎಂದಷ್ಟೇ ಕೇಳಿದ. ಅಮ್ಮನಿಗೆ ಗೊತ್ತಿದ್ದದ್ದು ಒಂದೇ ಜಮೀನು. ಅವಳ ತವರು ಗಡಿಯಾಚೆ, ಮನಸ್ಸಿನ ಮಾತು ಬಂದರೆ ತೆಲುಗೇ ಬರುತ್ತಿತ್ತು.

"ಪಕ್ಕ ಚೇನು ವಸ್ತೇ ಇಡವದ್ದು ರಾ" ಎಂದಳು. ಪಕ್ಕದ ಹೊಲ ಬಂದರೆ ಬಿಡಬೇಡ ಎಂದು.

ನಾನು ಅಲ್ಲೇ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ. ಅಮ್ಮ, ಅದು ನೀನು ತಿಳಿದುಕೊಂಡಿರುವ ಹೊಲ ಅಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ದುಡ್ಡಿನ ಸುದ್ದಿಯೂ ಹೇಳಬೇಕಾಗುತ್ತಿತ್ತು.

ಪೂರ್ವದ್ದಾಯಿತು. ಹದಿನೈದು ದಿನಕ್ಕೆ ಉತ್ತರದವನು ಬಿಟ್ಟುಹೋದ, ಅದನ್ನೂ ಕೊಂಡ. ಆಮೇಲೆ ಪಶ್ಚಿಮ, ದಕ್ಷಿಣ, ನಾಲ್ಕು ಮೂಲೆಯವು. ಒಂದೊಂದೂ ಹಿಂದಿನದಕ್ಕಿಂತ ಅಗ್ಗ. ಬಿಟ್ಟುಹೋದವರು ಹೆಚ್ಚಿದಷ್ಟೂ ಅಣ್ಣನ ಜಮೀನು ಬೆಳೆಯಿತು. ಇವಕ್ಕೆಲ್ಲ ದುಡ್ಡೆಲ್ಲಿಂದ ತರುತ್ತಿದ್ದಾನೆ ಎಂದು ನನಗೆ ಹೊಳೆಯಲಿಲ್ಲ. ದೇವರಾಯಸಮುದ್ರದ ಕಡೆಯ ಒಬ್ಬರು ಅಳತೆಗೆ ಕರೆದರೆ ನಿಮ್ಮಣ್ಣ ಬರಲೇ ಇಲ್ಲ ಎಂದು ನನ್ನ ಹತ್ತಿರ ದೂರಿದಾಗ ವಿಚಾರಿಸಿದೆ. ಅಳತೆ ಮೆಷಿನ್ ಮಾರಿದ್ದ. ದಿನದ ಅನ್ನ ಕೊಡುತ್ತಿದ್ದ ವಸ್ತು. ಆವತ್ತು ಅವನಿಗೆ ಫೋನು ಮಾಡಿ ನಾನು ಬೈಯಲಿಲ್ಲ, ಅತ್ತೆ. ಅವನು, ಎಲ್ಲ ಸೇರಿಸಿ ಒಟ್ಟಿಗೆ ಮಾರಿದರೆ ಒಳ್ಳೆ ಬೆಲೆ ಬರುತ್ತದೆ, ತುಂಡು ಜಮೀನಿಗೆ ಬೆಲೆ ಇಲ್ಲ ಎಂದ.

ಮಾರಲು ಇಟ್ಟ. ಒಂಬತ್ತು ಪ್ಲಾಟೂ ಒಟ್ಟಿಗೆ. ಕೇಳುವವರಿರಲಿಲ್ಲ. ಬೆಲೆ ಹತ್ತನೇ ಒಂದು ಭಾಗಕ್ಕೆ ಬಂತು, ಆಗಲೂ ಇಲ್ಲ. ಜಾತ್ರೆಯಂತಿದ್ದ ಆ ಊರಿನಲ್ಲಿ ಬೊಂಬೆಗಳೇ ಕಾಣುತ್ತಿರಲಿಲ್ಲ. ಒಂದು ಸಲ ನಾನು ನೋಡಿದಾಗ ನರಿಯ ತಲೆಯದ್ದು ಮಾತ್ರ ರಸ್ತೆಯಲ್ಲಿ ಅಲ್ಲಾಡದೆ ನಿಂತಿತ್ತು. ಅದನ್ನು ಆಡಿಸುವವನು ಎಂದೋ ಬಿಟ್ಟುಹೋಗಿದ್ದನಂತೆ.

ಅಷ್ಟರಲ್ಲಿ ಶ್ರೀನಿವಾಸಪುರದ ಮಂಡಿಯಲ್ಲಿ ತೋತಾಪುರಿ ರಾಶಿ ಬಿತ್ತು. ಚೌಡಪ್ಪನವರು ಕಾಯಿ ಹಾಕಿ ಹಿಂದಿರುಗುವಾಗ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ನೀರು ಕೇಳಿದರು. ಅವರ ಅಂಗಿಯಿಂದ ಮಾವಿನ ಸೊನೆಯ ವಾಸನೆ ಬರುತ್ತಿತ್ತು. ಏನಮ್ಮ, ನಿಮ್ಮಣ್ಣ ಫೋನೇ ಎತ್ತಲ್ಲ ಎಂದರು. ಇನ್ನೊಂದು ವಾರ ಅಂದೆ. ವಾರ ಬಿಟ್ಟು ಬಂದರು, ಇನ್ನೊಂದು ವಾರ ಅಂದೆ. ಸಾಲ ಕೇಳಿ ಎಲ್ಲ ಕಡೆ ತಿರುಗಿದೆ, ಸಿಕ್ಕಿದ್ದು ಎರಡು ಗುಂಟೆಗೂ ಸಾಲುತ್ತಿರಲಿಲ್ಲ. ಆಷಾಢ ಹಿಡಿಯಿತು. ಮರದಲ್ಲಿ ಕಾಯಿ ಮುಗಿಯಿತು.

ಮೂರನೆಯ ಸಲ ಅವರು ಬಂದಾಗ ಜೊತೆಗೆ ಬಡಾವಣೆಯವರಿದ್ದರು. ಆ ಕಂಪನಿಗೆ ತಮ್ಮದೇ ವಕೀಲರಿದ್ದರು. ಆದರೆ ಚೌಡಪ್ಪನವರು, ನನ್ನ ಕಾಗದ ಬರೆಯೋದು ಮಂಜುಳಮ್ಮನೇ, ಬೇರೆಯವರ ಕೈಬರಹಕ್ಕೆ ನಾನು ಹೆಬ್ಬೆಟ್ಟೊತ್ತಲ್ಲ ಎಂದು ಹಟ ಮಾಡಿದ್ದರಂತೆ. ನನಗೆ ಮರ್ಯಾದೆ ಮಾಡುತ್ತಿದ್ದೇನೆ ಎಂದೇ ಆ ಮುದುಕರು ತಿಳಿದಿದ್ದರು. ಐದು ಗುಂಟೆ ಬಿಟ್ಟು ಬರೆಯಬಹುದಾ ಎಂದು ಕಂಪನಿಯವರನ್ನು ಕೇಳಿದೆ. ಅವರು ನಕ್ಷೆ ಬಿಡಿಸಿ ಹೊಂಗೆಮರದ ಮೂಲೆಯ ಮೇಲೆ ಬೆರಳಿಟ್ಟು, ಇಲ್ಲಿ ರಸ್ತೆ ಬರುತ್ತದೆ ಮೇಡಂ ಎಂದರು. ಕೂತು ಬರೆದೆ. ಇಪ್ಪತ್ತಾರು ವರ್ಷದಲ್ಲಿ ನಾನು ಒಂದಕ್ಷರ ತಪ್ಪಿಲ್ಲದೆ ಬರೆದ ಪತ್ರಗಳಲ್ಲಿ ಅದೂ ಒಂದು.

ಅಮ್ಮನಿಗೆ ನಾವು ಹೇಳಲಿಲ್ಲ. ನಕ್ಷೆ ಬಂತಾ ಎಂದು ಕೇಳುತ್ತಿದ್ದಳು. ತಾಲ್ಲೂಕು ಆಫೀಸಿನಲ್ಲಿದೆ ಎಂದು ಅಣ್ಣ, ಸಹಿ ಒಂದು ಬಾಕಿ ಎಂದು ನಾನು. ಆ ಪತ್ರ ಬರೆದ ದಿನದಿಂದ ಮಾತು ಬಿಟ್ಟಿದ್ದ ಅಣ್ಣ ತಂಗಿ ಸುಳ್ಳಿಗೆ ಮಾತ್ರ ಒಂದಾಗಿದ್ದೆವು. ಭಾದ್ರಪದದಲ್ಲಿ ಅವಳಿಗೆ ಜ್ವರ ಬಂತು, ನಾಲ್ಕು ದಿನದಲ್ಲಿ ಹೋಗಿಬಿಟ್ಟಳು. ಮಹಾಲಯ ಅಮಾವಾಸ್ಯೆಗೆ ಆರು ದಿನವಿತ್ತು. ಕೊನೆಯ ದಿನ ಮಾತು ನಿಂತಿತ್ತು. ಅಂಗೈ ಮಾತ್ರ ಹಾಸಿಗೆಯ ಪಕ್ಕವನ್ನು ಮೆಲ್ಲಗೆ ತಟ್ಟುತ್ತಿತ್ತು. ನೀರು ಬೇಕೇನೋ ಎಂದು ನೆಂಟರು ಅಂದುಕೊಂಡರು. ನಾವಿಬ್ಬರೂ ತಲೆ ತಗ್ಗಿಸಿದೆವು.

ಬೈರಕೂರಿನ ಹೊಲಕ್ಕೆ ಅಷ್ಟು ಹೊತ್ತಿಗೆ ತಂತಿಬೇಲಿ, ಗೇಟು, ಬೀಗ. ಮುಳಬಾಗಿಲಿನ ಸಾರ್ವಜನಿಕ ಸ್ಮಶಾನದಲ್ಲಿ ಅಮ್ಮನನ್ನು ಇಟ್ಟೆವು, ಗುರುತು ಪರಿಚಯವಿಲ್ಲದ ಇಬ್ಬರ ನಡುವೆ. ಎಲ್ಲರೂ ಕೈಕಾಲು ತೊಳೆಯಲು ಹೋದ ಮೇಲೆ ತಿರುಗಿ ನೋಡಿದರೆ ಅಣ್ಣ ಅಲ್ಲೇ ಇದ್ದ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ, ಒಂದೊಂದೇ ಪಾದ ಇಟ್ಟು ಆ ಗುಡ್ಡೆಯ ಸುತ್ತ ಅಳೆಯುತ್ತಿದ್ದ. ನೋಡಿದರೂ ನೋಡದ ಹಾಗೆ ನಾನು ಆಟೋ ಹತ್ತಿದೆ. ಅವತ್ತಿನಿಂದ ಅವನ ಮನೆಯ ಹೊಸಿಲು ತುಳಿದಿರಲಿಲ್ಲ.

ಮೊನ್ನೆ ಮೇಷ್ಟ್ರ ಸೈಟು ನೋಡಿ ಬಂದ ಮರುದಿನ ಅವನೇ ಫೋನು ಮಾಡಿದ. ಬರ್ತೀಯಾ ಎಂದಷ್ಟೇ ಕೇಳಿದ. ರಸ್ತೆಯ ಮೇಲೆ ನಿಂತು ಬಂದ ಕಾಲು, ಇಲ್ಲ ಎನ್ನಲಿಲ್ಲ. ಮಾಲೂರಿನ ಅದೇ ಬಾಡಿಗೆ ಮನೆ. ಅಣ್ಣ ಈಗ ಇನ್ನೊಬ್ಬ ಸರ್ವೆಯರ್ ಕೈಕೆಳಗೆ ಹಗ್ಗ ಹಿಡಿಯಲು ಹೋಗುತ್ತಾನೆ. ತಲೆ ಪೂರ್ತಿ ನೆರೆತಿತ್ತು. ಅತ್ತಿಗೆ ಕಾಫಿ ಕೊಟ್ಟು ಒಳಗೆ ಹೋದರು.

ಅವನು ಫೋನು ತೆಗೆದು ನನ್ನ ಮುಂದೆ ಹಿಡಿದ. ಮತ್ತೆ ಅದೇ ಹಸಿರು. ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಒಂಬತ್ತು ಚೌಕದ ಮಧ್ಯದ ಚೌಕದಲ್ಲಿ ಒಂದು ಮರ ನೆಟ್ಟಿದ್ದ, ಹೊಂಗೆಮರದ ಹಾಗೆಯೇ ಒಂದು ಕಡೆಗೆ ವಾಲಿದ್ದು. ಅದರ ಕೆಳಗೆ ಎರಡು ಸಮಾಧಿ. ಎಡಗಡೆಯದು ಸ್ವಲ್ಪ ಚಿಕ್ಕದು. ಅಮ್ಮ ಕುಳ್ಳಗಿದ್ದಳು.

"ಆವತ್ತು ಪಾದದಲ್ಲಿ ಅಳೆದ್ಕೊಂಡಿದ್ದೆ. ಅದೇ ಅಳತೆ" ಎಂದ.

ಬೆಲೆ ಸತ್ತ ಮೇಲೂ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅಲ್ಲಿ ಒಂದು ಗಳಿಗೆ ಇದ್ದು ಬರುತ್ತಾನಂತೆ. ಈಗ ಫೋನಿನ ಆ ಊರನ್ನು ನಡೆಸುವವರಿಂದ ನೋಟಿಸು ಬಂದಿದೆ. ಜನ ಬರುತ್ತಿಲ್ಲ, ನಡೆಸಲು ಆಗುವುದಿಲ್ಲ, ಬರುವ ತಿಂಗಳಿಂದ ಊರನ್ನೇ ಮುಚ್ಚುತ್ತಾರಂತೆ. ದುಡ್ಡು ಹೋದದ್ದಕ್ಕೆ ಅಳದವನು ಇದನ್ನು ಹೇಳುವಾಗ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಇಲ್ಲಿಂದಲೂ ಎತ್ತಬೇಕು ಅಂದರೆ ಅವರನ್ನು ಎಲ್ಲಿಡಲಿ ಎಂದ.

"ಒಂದು ಕಾಗದದ ಮೇಲೆ ಬರ್ದುಕೊಡ್ತೀಯಾ ಮಂಜೂ? ರಿಜಿಸ್ಟ್ರಿ ಏನೂ ಬೇಡ. ನಿನ್ನ ಕೈಬರಹ ಇದ್ರೆ ಸಾಕು."

ಬ್ಯಾಗಿನಲ್ಲಿ ಪತ್ರದ ಹಾಳೆ ಇದ್ದೇ ಇರುತ್ತದೆ. ಎಷ್ಟೋ ವರ್ಷದ ಮೇಲೆ ಪೆನ್ನು ಹಿಡಿದು, ಕೈಯಲ್ಲಿ, ಅಪ್ಪನ ಹೆಸರು ಬರೆದೆ, ಅಮ್ಮನ ಹೆಸರು ಬರೆದೆ. ಆಮೇಲೆ ಅಭ್ಯಾಸಬಲದಿಂದ ಚೆಕ್ಕುಬಂದಿ ಹೇಳು ಎಂದೆ. ಅವನು ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ.

"ಪೂರ್ವಕ್ಕೆ ನಮ್ದೇ. ಪಶ್ಚಿಮಕ್ಕೂ ನಮ್ದೇ ಕಣೇ. ಉತ್ತರಕ್ಕೆ ನಮ್ದು. ದಕ್ಷಿಣಕ್ಕೆ..." ಎಂದು ನಿಲ್ಲಿಸಿ ನನ್ನ ಮುಖ ನೋಡಿದ. "ರಸ್ತೆ ಇಲ್ಲ. ನಮ್ದೇ."

ಹಾಗೇ ಬರೆದೆ. ಇಷ್ಟು ವರ್ಷದಲ್ಲಿ ನಾಲ್ಕೂ ದಿಕ್ಕಿಗೆ ಒಂದೇ ಹೆಸರು ಬರೆದದ್ದು ಅದೊಂದೇ ಸಲ. ಕೆಳಗೆ ಅವನು ಸಹಿ ಮಾಡಿದ, ಸಾಕ್ಷಿ ಎಂದು ನಾನು ಮಾಡಿದೆ.